ಲಗ್ನಪತ್ರಿಕೆಗೆ ಉತ್ತರ: ಟಪಾಲಿನಿಂದಲೋ, ಮೊಬೈಲಿನಿಂದಲೋ?

ಚಾತುರ್ಮಾಸ ಮುಗಿದು ಲಗ್ನದ ಮುಹೂರ್ತಗಳು ಸುರುವಾದವೆಂದರೆ ನಮ್ಮ ಜತ್ತ ಪೇಟೆಯ ಪ್ರತಿಯೊಂದು ಅಂಗಡಿಯ ಗಲ್ಲೆಯ ಪಕ್ಕದಲ್ಲಿ ಲಗ್ನಪತ್ರಿಕೆಗಳ ಕಟ್ಟು ಬೆಳೆಯಹತ್ತುತ್ತದೆ. ಅತ್ತ ಅಥಣಿ, ಇಂಡಿ, ವಿಜಯಪುರ, ಇತ್ತ ಮಿರಜ, ಸಾಂಗಲಿ, ಸೊಲ್ಲಾಪುರ, ಎಲ್ಲ ಕಡೆಯಿಂದಲೂ ಬರುತ್ತವೆ. ಬೀಗತನ ಎರಡು ರಾಜ್ಯಗಳಲ್ಲಿ ಹರಡಿಕೊಂಡಿರುವುದರಿಂದ ಪತ್ರಿಕೆಯ ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ಮರಾಠಿ. ಇವುಗಳ ಜೊತೆಗೆ ಮೊಬೈಲಿನಲ್ಲಿ ಹಾಡು, ಚಿತ್ರಗಳ ಸಮೇತ ಬರುವ ಪತ್ರಿಕೆಗಳು ಬೇರೆ. ಎಲ್ಲವನ್ನೂ ಓದುತ್ತೇವೆ, ತಾರೀಖು ನೋಡುತ್ತೇವೆ, ಬದಿಗಿಡುತ್ತೇವೆ. ಬರುತ್ತೇವೆ ಅಥವಾ ಬರಲಾಗುವುದಿಲ್ಲ ಎಂದು ತಿರುಗಿ ತಿಳಿಸುವವರು ಎಷ್ಟು ಮಂದಿ?

ಉತ್ತರ ಬರೆಯುವ ಪದ್ಧತಿ ನಮ್ಮಲ್ಲಿ ಎಂದೂ ಇರಲಿಲ್ಲ ಎಂದು ಹಿರಿಯರು ಹೇಳಬಹುದು. ಅದು ನಿಜ. ಅಕ್ಷತೆ ಕೊಟ್ಟು ಕರೆದ ಮೇಲೆ ಹೋಗಿ ನಿಲ್ಲುವುದೇ ಉತ್ತರ. ಹೋಗಲು ಆಗದಿದ್ದರೆ ಊರಿನಿಂದ ಹೋಗುವವರ ಕೈಯಲ್ಲಿ ಆಯಾರ ಕಳಿಸುತ್ತಿದ್ದೆವು, ಇಲ್ಲವೇ ತಾರು ಮಾಡುತ್ತಿದ್ದೆವು. ಶುಭಾಶಯದ ವಾಕ್ಯಗಳಿಗೆ ತಾರು ಕಚೇರಿಯಲ್ಲಿ ಒಂದೊಂದು ನಂಬರು ಇರುತ್ತಿತ್ತು. ನಂಬರು ಹೇಳಿದರೆ ಸಾಕು, ಆಚೆ ಊರಿನಲ್ಲಿ ಪೂರ್ಣ ವಾಕ್ಯವಾಗಿ ಮುಟ್ಟುತ್ತಿತ್ತು. ಅಕ್ಷತೆ ಬಿದ್ದ ಮೇಲೆ ಅವನ್ನು ಮೈಕಿನಲ್ಲಿ ಓದುತ್ತಿದ್ದರು. 2013ರ ಜುಲೈ ತಿಂಗಳಲ್ಲಿ ಆ ಸೇವೆಯೇ ನಿಂತುಹೋಯಿತು. ಇದ್ದಾಗಲೂ ತಾರು ಬರುತ್ತಿದ್ದದ್ದು ಲಗ್ನದ ದಿವಸ. ಅಷ್ಟೊತ್ತಿಗೆ ಅಡಿಗೆ ಆಗಿ ಹೋಗಿರುತ್ತಿತ್ತು.

ಮುಂಬಯಿ, ಪುಣೆಯ ಪತ್ರಿಕೆಗಳ ಕೆಳಗೆ ‘ಆರ್.ಎಸ್.ವಿ.ಪಿ.’ ಎಂದು ಛಾಪಿಸಿರುತ್ತಾರೆ. ಅದು ಫ್ರೆಂಚ್ ಭಾಷೆಯ ಮಾತಿನ ಮೊದಲಕ್ಷರಗಳು. ದಯವಿಟ್ಟು ಉತ್ತರ ಕೊಡಿರಿ ಎಂದು ಅರ್ಥ. ನಮ್ಮವರು ಅದನ್ನು ನೋಡಿ, ಅದರ ಕೆಳಗೆ ಕಾಕಾ, ಮಾಮಾ, ಭಾವಂದಿರ ಹೆಸರು ಹಾಕಿಸಿ, ‘ಸ್ವಾಗತ ಕೋರುವವರು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಹೀಗೆ ಬರೆಯುತ್ತಾರೆಂದು ತಿಳಿದುಬಿಟ್ಟರು! ಉತ್ತರ ಕೊಡಬೇಕೆಂದು ಹೇಳುವ ಪತ್ರಿಕೆಗೂ ಉತ್ತರವಿಲ್ಲ.

ಇದು ಬರೀ ಶಿಷ್ಟಾಚಾರದ ಪ್ರಶ್ನೆಯಾಗಿದ್ದರೆ ನಾನು ಈ ಮಾಸಿಕದ ಪುಟ ಹಾಳು ಮಾಡುತ್ತಿರಲಿಲ್ಲ. ಪ್ರಶ್ನೆ ಊಟದ್ದು. ಬೇರೆ ಸಮಾಜದವರ ಮನೆಯಲ್ಲಿ ಸಾಯಂಕಾಲ ಐದು ಗಂಟೆಗೆ ಅನ್ನ ಕಡಿಮೆ ಬಿದ್ದರೆ ಮತ್ತೊಂದು ಹಂಡೆ ಒಲೆಗೇರಿಸಿ ರಾತ್ರಿ ಒಂಬತ್ತಕ್ಕೆ ಬಡಿಸಬಹುದು. ನಮಗೆ ಆ ದಾರಿಯಿಲ್ಲ. ಡಿಸೆಂಬರಿನಲ್ಲಿ ನಮ್ಮ ಕಡೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಅದರೊಳಗೆ ಕಡೆಯ ಪಂಕ್ತಿ ಎದ್ದಿರಬೇಕು. ಇನ್ನು ಅನ್ನ ಹೆಚ್ಚಾಯಿತೆನ್ನಿರಿ. ಮರುದಿನಕ್ಕೆ ಇಡುವಂತಿಲ್ಲ, ಇಟ್ಟರೆ ಜೀವೋತ್ಪತ್ತಿ. ತಾಟಿಗೆ ನೂರು ಗ್ರಾಮಿನಂತೆ ಅಕ್ಕಿ ಹಿಡಿದರೂ ಇನ್ನೂರು ತಾಟು ಉಳಿದರೆ ಇಪ್ಪತ್ತು ಕಿಲೋ ಅಕ್ಕಿಯ ಅನ್ನ. ಬೇಳೆ, ತುಪ್ಪ, ಸಿಹಿ ಪದಾರ್ಥಗಳ ಲೆಕ್ಕ ಬೇರೆ. ಕಾರ್ಯಾಲಯದ ಹಿಂದಿನ ತಗ್ಗಿನಲ್ಲಿ ಅದನ್ನು ಸುರುವುತ್ತಿರುವಾಗ ಅಹಿಂಸೆಯ ಮಾತು ಆಡಲು ನಾಲಿಗೆ ಬರುವುದಿಲ್ಲ. ಕಡಿಮೆ ಬಿದ್ದರೆ ನಿಯಮದ ಹಿರಿಯರು ಉಪವಾಸ ಎದ್ದು ಹೋಗುತ್ತಾರೆ, ಹೆಚ್ಚಾದರೆ ಹೀಗೆ. ಎರಡಕ್ಕೂ ಕಾರಣ, ಎಷ್ಟು ಜನ ಬರುತ್ತಾರೆಂದು ಕರೆದವನಿಗೆ ಗೊತ್ತಿಲ್ಲದಿರುವುದು.

ನಮ್ಮ ಪತ್ರಿಕೆಯ ಒಕ್ಕಣೆಯೂ ಇದಕ್ಕೆ ಸಹಾಯ ಮಾಡುವುದಿಲ್ಲ. ‘ಸಹಕುಟುಂಬ ಸಹಪರಿವಾರ’ ಎಂದು ಬರೆಯುತ್ತೇವೆ. ನಾಲ್ಕು ಜನ ಅಣ್ಣತಮ್ಮಂದಿರು ಒಂದೇ ಗದ್ದಿಗೆಯ ಮೇಲೆ ವ್ಯಾಪಾರ ಮಾಡುವ ಮನೆಗೆ ಒಂದು ಪತ್ರಿಕೆ ಹೋಯಿತೆಂದರೆ ಅದು ಇಬ್ಬರಿಗೋ, ಇಪ್ಪತ್ತೆರಡು ಜನರಿಗೋ? ಹೀಗಾಗಿ ‘ಅವಶ್ಯ ಬರುತ್ತೇವೆ’ ಎಂಬ ಉತ್ತರ ಬಂದರೂ ಅಡಿಗೆಯವನಿಗೆ ಅದರಿಂದ ಪ್ರಯೋಜನವಿಲ್ಲ. ಅವನಿಗೆ ಬೇಕಾದದ್ದು ಅಂಕಿ. ಅಂಕಿ ಕೇಳಲು ನಮಗೆ ನಾಚಿಕೆ. ಎಷ್ಟು ಮಂದಿ ಬರುತ್ತೀರಿ ಎಂದು ಕೇಳಿದರೆ ಇಷ್ಟೇ ಮಂದಿ ಬರ್ರಿ ಎಂದು ಹೇಳಿದಂತೆ ಕೇಳಿಸುತ್ತದೆ ಎಂಬ ಅಂಜಿಕೆ.

ಈ ನಾಚಿಕೆಯನ್ನು ಒಮ್ಮೆ ಸರಕಾರವೇ ಬಿಡಿಸಿತ್ತು. ಕೊರೋನಾದ ಕಾಲದಲ್ಲಿ, 2020ರಲ್ಲಿ, ಲಗ್ನಕ್ಕೆ 50 ಜನರ ಮಿತಿ ಬಂದಿತು. 2021ರ ಏಪ್ರಿಲ್ ಕೊನೆಯ ವಾರದಲ್ಲಂತೂ ಮಹಾರಾಷ್ಟ್ರದಲ್ಲಿ 25 ಜನ, ಎರಡೇ ತಾಸು, ಮೀರಿದರೆ 50 ಸಾವಿರ ರೂಪಾಯಿ ದಂಡ. ಆಗ ಸಾವಿರ ಪತ್ರಿಕೆ ಹಂಚುವ ಮನೆಗಳವರು ಕೂಡ ಸೋದರಮಾವನಿಗೆ ಫೋನು ಮಾಡಿ, ‘ನಿಮ್ಮ ಮನಿಯಿಂದ ಇಬ್ಬರೇ ಬರ್ರಿ’ ಎಂದು ಹೇಳಿದರು. ಯಾರೂ ಸಿಟ್ಟಾಗಲಿಲ್ಲ. ಕಾರಣ ಎಲ್ಲರಿಗೂ ತಿಳಿದಿತ್ತು. ಕಾರಣ ಹೇಳಿ ಕೇಳಿದರೆ ಅಂಕಿ ಕೇಳುವುದು ಅಪಮಾನವಲ್ಲ ಎಂಬುದನ್ನು ನಾನು ಆ ಎರಡು ವರ್ಷಗಳಲ್ಲಿ ನೋಡಿದೆ.

ಇನ್ನು ಉತ್ತರ ಬರುವ ದಾರಿಯ ವಿಚಾರ. ನಮ್ಮ ವ್ಯಾಪಾರಸ್ಥರಿಗೆ ಟಪಾಲಿನ ಉತ್ತರ ಹೊಸದಲ್ಲ. ಹಿಂದುಸ್ಥಾನದಲ್ಲಿ ಕಾರ್ಡು ಸುರುವಾದದ್ದು 1879ರ ಜುಲೈ 1ರಂದು, ಕಾಲು ಆಣೆಗೆ. ಆಮೇಲೆ ಜವಾಬಿ ಕಾರ್ಡೂ ಬಂದಿತು. ಒಂದಕ್ಕೊಂದು ಅಂಟಿಕೊಂಡ ಜೋಡಿ ಕಾರ್ಡು. ಒಂದರಲ್ಲಿ ನಮ್ಮ ಪ್ರಶ್ನೆ, ಇನ್ನೊಂದರ ಮೇಲೆ ನಮ್ಮದೇ ವಿಳಾಸ. ಎದುರಿನವನು ಹರಿದು ಬರೆದು ಡಬ್ಬಿಗೆ ಹಾಕಿದರಾಯಿತು, ಅವನಿಗೆ ಖರ್ಚಿಲ್ಲ. ನಾನು ಮ್ಯಾಟ್ರಿಕ್ ಮುಗಿಸಿ ಅಂಗಡಿಯಲ್ಲಿ ಕುಳಿತಾಗ ಸಾಂಗಲಿಯ ಅಡತಿಯವರಿಗೆ ಅರಿಷಿಣ, ಬೆಲ್ಲದ ಭಾವ ಕೇಳುತ್ತಿದ್ದದ್ದು ಇಂಥ ಕಾರ್ಡಿನಲ್ಲಿಯೇ. ಮಾಲು ಮುಟ್ಟಿತೆಂದು ಕಾರ್ಡು ಬರುವ ತನಕ ನಮ್ಮ ತಂದೆಯವರು ಆ ವ್ಯವಹಾರವನ್ನು ಖಾತೆಗೆ ಹತ್ತಿಸಲು ಬಿಡುತ್ತಿರಲಿಲ್ಲ. ವ್ಯಾಪಾರದಲ್ಲಿ ಇಷ್ಟು ಕಟ್ಟುನಿಟ್ಟಾದ ನಾವು ಮನೆಯ ಲಗ್ನದಲ್ಲಿ ಮಾತ್ರ ಅಂದಾಜಿನ ಮೇಲೆ ಅಕ್ಕಿ ತೂಗುತ್ತೇವೆ.

ಜೋಡಿ ಕಾರ್ಡೇ ಬೇಕೆಂದಿಲ್ಲ. 50 ಪೈಸೆಯ ಸಾದಾ ಕಾರ್ಡಿನ ಮೇಲೆ ನಿಮ್ಮ ವಿಳಾಸ ಬರೆದು ಪತ್ರಿಕೆಯ ಪಾಕೀಟಿನಲ್ಲಿ ಇಟ್ಟರೆ ಅದೇ ಜವಾಬಿ ಕಾರ್ಡು. ಆದರೆ ತೂಕ ನೋಡಿರಿ. ಐದು ರೂಪಾಯಿಯ ಟಿಕೇಟು 20 ಗ್ರಾಮಿನ ತನಕ ಮಾತ್ರ. ಇಂದಿನ ದಪ್ಪ ರಟ್ಟಿನ ಪತ್ರಿಕೆಗಳು ಒಂದೇ ಅದನ್ನು ದಾಟುತ್ತವೆ. ದಿವಸಗಳನ್ನೂ ಲೆಕ್ಕ ಹಾಕಿರಿ. ಅಥಣಿ ನಮಗೆ ನೆರೆಯ ತಾಲೂಕು, ಆದರೆ ಟಪಾಲು ಇಲಾಖೆಗೆ ಅದು ಬೇರೆ ರಾಜ್ಯ. ನಮ್ಮ ಪಿನ್ 416ರಿಂದ, ಅವರದು 591ರಿಂದ, ವಿಜಯಪುರದ್ದು 586ರಿಂದ ಸುರುವಾಗುತ್ತದೆ. ಹೋಗಿ ಬರಲು ಮೂರು ವಾರ ಹಿಡಿಯಿರಿ. ಎಲ್ಲ ಪತ್ರಿಕೆಗಳನ್ನೂ ರಜಿಸ್ಟರ ಮಾಡುತ್ತಿದ್ದ ಒಂದು ಮನೆ ನನಗೆ ಗೊತ್ತು. 2025ರಲ್ಲಿ ರಜಿಸ್ಟರ ಟಪಾಲನ್ನು ಸ್ಪೀಡ್ ಪೋಸ್ಟಿನಲ್ಲಿ ಕೂಡಿಸಿಬಿಟ್ಟದ್ದರಿಂದ ಅವರಿಗೆ ಈಗ ಆ ಖರ್ಚು ಭಾರವಾಗಿದೆ.

ಮೊಬೈಲಿನದು ಖರ್ಚಿಲ್ಲದ ದಾರಿ, ವೇಗವಂತೂ ಹೇಳುವುದೇ ಬೇಡ. ಆದರೂ ಹುಡುಗರು ತಿಳಿದಷ್ಟು ಸರಳವಲ್ಲ. ವಾಟ್ಸಾಪಿನಲ್ಲಿ ಬ್ರಾಡ್‌ಕಾಸ್ಟ್ ಮಾಡಿ ಒಂದೇ ಸಲಕ್ಕೆ 256 ಜನರಿಗೆ ಕಳಿಸಬಹುದು. ಆದರೆ ಯಾರು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಹೆಸರು ಹಾಕಿ ಇಟ್ಟುಕೊಂಡಿಲ್ಲವೋ ಅವರಿಗೆ ಅದು ಮುಟ್ಟುವುದೇ ಇಲ್ಲ. ಮೊಮ್ಮಗ ಹೊಸ ನಂಬರಿನಿಂದ ಕಳಿಸಿದ ಪತ್ರಿಕೆ ಅರ್ಧ ಊರಿಗೆ ಮುಟ್ಟದೆ, ‘ನಮ್ಮನ್ನು ಕರೆಯಲೇ ಇಲ್ಲ’ ಎಂಬ ಮಾತು ಹುಟ್ಟುವುದು ಹೀಗೆ. ನೀಲಿ ಗೆರೆ ಬಿದ್ದರೆ ನೋಡಿದ್ದಾರೆಂದು ತಿಳಿಯಬಹುದು, ಆದರೆ ಗೆರೆ ಬೀಳದಂತೆ ಮಾಡುವ ಸೌಲಭ್ಯವೂ ಅದರಲ್ಲಿಯೇ ಇದೆ. ಇನ್ನು ಉತ್ತರವೆಂದು ಬರುವುದೇನು? ಕೈಮುಗಿದ ಚಿತ್ರ! ಬರುತ್ತೇವೆಂದು ಕೈ ಮುಗಿದರೋ, ಕ್ಷಮಿಸಿರೆಂದು ಮುಗಿದರೋ ತಿಳಿಯುವ ಬಗೆ ಹೇಗೆ?

ಒಂದು ಅಪಾಯದ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಲಗ್ನಪತ್ರಿಕೆಯೆಂದು ಹೇಳಿ ಮೋಸದ ಫೈಲು ಕಳಿಸುವ ಕಳ್ಳರು ಹುಟ್ಟಿದ್ದಾರೆ. 2024ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ಈ ಬಗ್ಗೆ ಜನರನ್ನು ಎಚ್ಚರಿಸಿದ್ದರು. ಫೈಲಿನ ಹೆಸರಿನ ಕೊನೆಗೆ ‘ಎಪಿಕೆ’ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಪತ್ರಿಕೆಯಲ್ಲ. ಒತ್ತಿದರೆ ಫೋನಿನ ಒಳಗೆ ಸೇರಿಕೊಂಡು ಬ್ಯಾಂಕಿನ ಗುಟ್ಟುಗಳನ್ನು ಎತ್ತಿಕೊಂಡು ಹೋಗುವ ಯಂತ್ರ. ನಮ್ಮ ಅಂಗಡಿಕಾರರ ಫೋನಿನಲ್ಲಿಯೇ ದಿನದ ವಸೂಲಿಯೆಲ್ಲ ಇರುತ್ತದೆ. ಪರಿಚಯವಿಲ್ಲದ ನಂಬರಿನಿಂದ ಬಂದ ಪತ್ರಿಕೆಯನ್ನು ತೆರೆಯಬೇಡಿರಿ. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನು ಮಾಡಿರಿ.

ಕಳೆದ ವರ್ಷ ನಮ್ಮ ತಮ್ಮನ ಮಗಳ ಲಗ್ನದಲ್ಲಿ ಈ ಎರಡೂ ದಾರಿಗಳ ಪರೀಕ್ಷೆ ಆಯಿತು. ಪುಣೆಯಲ್ಲಿರುವ ಹುಡುಗರು, ಕಾಗದವೇ ಬೇಡ, ಮೊಬೈಲಿನಲ್ಲಿ ಒಂದು ಫಾರ್ಮು ಮಾಡುತ್ತೇವೆ, ಎಲ್ಲರೂ ತುಂಬುತ್ತಾರೆ, ಲೆಕ್ಕ ತಾನೇ ಕೂಡಿಕೊಳ್ಳುತ್ತದೆ ಎಂದರು. ಅವರ ಗೆಳೆಯರು, ಬೆಂಗಳೂರಿನ ಕಡೆಯವರು ಎರಡೇ ದಿವಸದಲ್ಲಿ ತುಂಬಿದರು. ಅಥಣಿ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಹಿರಿಯ ಅಕ್ಕನವರಿಗೆ ಎಪ್ಪತ್ತೆಂಟು ವರ್ಷ. ಅವರ ಮೊಮ್ಮಗನ ಫೋನಿಗೂ ಫಾರ್ಮು ಹೋಯಿತು. ಅಂದೇ ಸಂಜೆ ಅಕ್ಕನವರ ಫೋನು ಬಂದಿತು: ‘ಏನೋ, ತವರುಮನಿ ಲಗ್ನಕ್ಕ ಬರಾಕ ನಾ ಅರ್ಜಿ ತುಂಬಬೇಕೇನು?’

ಈ ಮಾತಿಗೆ ಫಾರ್ಮು ಮಾಡಿದ ಹುಡುಗರ ಬಳಿ ಉತ್ತರವಿರಲಿಲ್ಲ. ಮರುದಿನ ತಮ್ಮ ಮತ್ತು ಅವನ ಹೆಂಡತಿ ಅಕ್ಷತೆ, ಪತ್ರಿಕೆ ಹಿಡಿದು ಅಲ್ಲಿಗೆ ಹೋಗಿ ಬಂದರು. ಪತ್ರಿಕೆಯ ಜೊತೆ ವಿಳಾಸ ಬರೆದ ಕಾರ್ಡೊಂದನ್ನು ಇಟ್ಟು, ‘ಅಕ್ಕಾ, ಹೊತ್ತು ಮುಳುಗೂದರೊಳಗ ಎಲ್ಲಾರೂ ಉಣಬೇಕು, ಅದಕ್ಕ ಎಷ್ಟು ತಾಟು ಹಿಡೀಲಿ ಅಂತ ಬರೆದು ಹಾಕ್ರಿ’ ಎಂದು ಹೇಳಿದರು. ಎಂಟನೆಯ ದಿವಸ ಕಾರ್ಡು ಬಂದಿತು. ಮೊಮ್ಮಗನ ಅಕ್ಷರ, ಅಕ್ಕನವರ ಮಾತು: ಐದು ಜನ ಬರುತ್ತೇವೆ, ಇಬ್ಬರಿಗೆ ಕಂದಮೂಲ ನಡೆಯುವುದಿಲ್ಲ, ನನಗೆ ಕಾಯಿಸಿದ ನೀರು ಇಡಿರಿ, ಹಿಂದಿನ ದಿವಸವೇ ಬರುತ್ತೇನೆ. ಅಡಿಗೆಯವನಿಗೆ ಬೇಕಾದ ನಾಲ್ಕೂ ಸಂಗತಿ ಒಂದು ಕಾರ್ಡಿನಲ್ಲಿ ಇದ್ದವು. ಪುಣೆಯ ಫಾರ್ಮಿನಲ್ಲಿ ಹನ್ನೊಂದು ಪ್ರಶ್ನೆಗಳಿದ್ದರೂ ನಿಯಮದವರೆಷ್ಟು ಎಂಬ ಪ್ರಶ್ನೆ ಇರಲಿಲ್ಲ.

ಹಾಗೆಂದು ಕಾರ್ಡನ್ನೇ ಹೊಗಳಲಾರೆ. ಒಬ್ಬ ಬೀಗರು ಕಾರ್ಡನ್ನು ಕೋಟಿನ ಕಿಸೆಯಲ್ಲಿಟ್ಟುಕೊಂಡು ಲಗ್ನಕ್ಕೆ ಬಂದು, ಊಟ ಮಾಡಿ, ಹೊರಡುವಾಗ ನನ್ನ ಕೈಯಲ್ಲಿಯೇ ಕೊಟ್ಟು ಹೋದರು. ‘ಏಳು ಜನ’ ಎಂದು ಚೊಕ್ಕಟವಾಗಿ ಬರೆದಿತ್ತು.

ನನ್ನ ಅಭಿಪ್ರಾಯದಲ್ಲಿ, ಯಾವ ದಾರಿಯೆಂಬುದನ್ನು ಕರೆಯುವವನ ಅನುಕೂಲದ ಮೇಲೆ ಗೊತ್ತು ಮಾಡಬಾರದು, ಕರೆಯಿಸಿಕೊಳ್ಳುವವರ ಮೇಲೆ ಮಾಡಬೇಕು. ಊರೂರು ಬಿಟ್ಟು ನೌಕರಿಯಲ್ಲಿರುವ ಮಕ್ಕಳಿಗೆ ಮೊಬೈಲಿನಲ್ಲಿ ಕೇಳಿರಿ. ಅವರಿಗೆ ಕಾರ್ಡು ಕಳಿಸಿದರೆ ಅಲ್ಲಿ ಟಪಾಲು ಡಬ್ಬಿ ಎಲ್ಲಿದೆಯೆಂದು ಗೊತ್ತಿರುವುದಿಲ್ಲ. ಅರವತ್ತು ದಾಟಿದ ಮನೆಯ ಯಜಮಾನರಿಗೆ, ತವರಿನ ಹೆಣ್ಣುಮಕ್ಕಳಿಗೆ ಕೈಯಲ್ಲಿ ಪತ್ರಿಕೆ, ಅದರ ಜೊತೆ ಕಾರ್ಡು. ಎರಡರಿಂದಲೂ ಉತ್ತರ ಬರದವರಿಗೆ ಲಗ್ನಕ್ಕೆ ಹತ್ತು ದಿವಸ ಇರುವಾಗ ಮನೆಯ ಹಿರಿಯರೊಬ್ಬರು ಸ್ವತಃ ಫೋನು ಮಾಡಬೇಕು, ಹುಡುಗರ ಕೈಯಿಂದ ಮಾಡಿಸಬಾರದು. ದಾರಿ ಮೂರಿದ್ದರೂ ವಹಿ ಒಂದೇ ಇರಲಿ. ಕೀರ್ದಿ ಬರೆದಂತೆ ಮನೆಯ ಹೆಸರು, ಊರು, ತಾಟು, ನಿಯಮದವರು ಎಂದು ನಾಲ್ಕು ಕಲಮು ಹಾಕಿ, ಒಬ್ಬರೇ ಬರೆಯಬೇಕು. ನಮ್ಮ ಮನೆಯಲ್ಲಿ ಆ ಕೆಲಸವನ್ನು ತಮ್ಮನ ಹೆಂಡತಿ ಮಾಡಿದರು. ಅಡಿಗೆಯವನು ದಿನಕ್ಕೊಮ್ಮೆ ಬಂದು ಅವರನ್ನೇ ಕೇಳುತ್ತಿದ್ದ.

ಈ ವರ್ಷ ಪತ್ರಿಕೆ ಛಾಪಿಸುವವರು ಬೇಕಿದ್ದರೆ ಕಾರ್ಡಿನ ಹಿಂದೆ ಹಾಕಲು ನಮ್ಮ ಒಕ್ಕಣೆಯನ್ನು ಬಳಸಬಹುದು. ಇದನ್ನೇ ಮೊಬೈಲಿನಲ್ಲಿಯೂ ಕಳಿಸಲು ಬರುತ್ತದೆ: ‘ಶ್ರೀ ವೀತರಾಗಾಯ ನಮಃ. ಸೂರ್ಯಾಸ್ತದ ಒಳಗೆ ಎಲ್ಲ ಬಂಧುಗಳ ಭೋಜನ ಆಗಬೇಕೆಂಬ ಇಚ್ಛೆಯಿಂದ ಕೇಳುತ್ತೇವೆ, ತಪ್ಪು ತಿಳಿಯಬಾರದು. ನಮ್ಮ ಮನೆಯಿಂದ ಬರುವವರು ... ಜನ. ಅವರಲ್ಲಿ ಕಂದಮೂಲ ತ್ಯಾಗ ಇರುವವರು ... ಜನ, ಕಾಯಿಸಿದ ನೀರಿನ ನಿಯಮದವರು ... ಜನ. ಹಿಂದಿನ ದಿವಸ ಮುಕ್ಕಾಮಿಗೆ ಬರುವವರು ... ಜನ. ಬರಲು ಆಗದಿದ್ದರೆ ಇಲ್ಲಿ ಆಶೀರ್ವಾದ ಬರೆಯಿರಿ.’ ಕೊನೆಯ ಸಾಲಿಗೆ ಮೂರು ಬೆರಳಿನಷ್ಟು ಜಾಗ ಬಿಡಿಸಿರಿ. ವಿಳಾಸದ ಬದಿಗೆ ನಿಮ್ಮ ಪಿನ್ ನಂಬರನ್ನು ನೀವೇ ಛಾಪಿಸಿರಿ, ಬರೆಯುವ ಕೆಲಸವನ್ನು ಬೀಗರಿಗೆ ಬಿಡಬೇಡಿರಿ.