ಆರು ತಿಂಗಳ ಸರ್ಟಿಫಿಕೇಟು, ಆಯುಷ್ಯದ ಪಗಾರ?

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂತೆಂದರೆ ಬೆಳಗಾವಿ ಜಿಲ್ಲೆಯ ಮುಗಳಖೋಡ, ಹಾರೂಗೇರಿ, ರಾಯಬಾಗ, ಕುಡಚಿ ಕಡೆಯ ಮನೆಗಳಲ್ಲಿ ಒಂದು ಮಾತು ಎದ್ದೇ ಏಳುತ್ತದೆ: ಮಗಳನ್ನು ದವಾಖಾನೆ ಕೋರ್ಸಿಗೆ ಹಾಕೋಣವೇ? ಹಾಗೆ ಅನ್ನಿಸುವುದು ಸಹಜವೇ. ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಮಿಷನ್ ಆಸ್ಪತ್ರೆ ತೆರೆದ ಮೇಲೆ ಮಿರಜ ಈ ಸೀಮೆಗೆಲ್ಲ ದವಾಖಾನೆಯ ಊರಾಯಿತು. ರಾಯಬಾಗದಲ್ಲೋ ಕುಡಚಿಯಲ್ಲೋ ರೈಲು ಹತ್ತಿದರೆ ನೇರ ಅಲ್ಲಿಗೆ. ಇತ್ತ ಘಟಪ್ರಭಾ, ಅತ್ತ ಬೆಳಗಾವಿ. ಆಸ್ಪತ್ರೆಗಳಿಗೆ ಆಳು ಬೇಕು ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಯಾವ ಕೆಲಸಕ್ಕೆ ಯಾವ ಕಾಗದ ಬೇಕು, ಆ ಕಾಗದಕ್ಕೆ ಎಷ್ಟು ದುಡ್ಡು ಸುರಿಯಬಹುದು ಎಂಬಲ್ಲಿ ಮಾತ್ರ ಲೆಕ್ಕ ತಪ್ಪುತ್ತದೆ. ಹಾಗೆ ತಪ್ಪಿಸುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ: ‘ಕೋರ್ಸಿನ ಹೆಸರಿನಲ್ಲಿ ನರ್ಸಿಂಗ್ ಇದ್ದರೆ ಓದಿದವರು ನರ್ಸ್ ಆದಂತೆ.’

ಸತ್ಯ: ನರ್ಸ್ ಎನಿಸಿಕೊಳ್ಳಲು ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಣಿ ಆಗಿರಬೇಕು. ಅದಕ್ಕಿರುವ ಬಾಗಿಲುಗಳು ಕೆಲವೇ: ಎರಡು ವರ್ಷದ ಎಎನ್‌ಎಂ (ಸಹಾಯಕ ನರ್ಸ್-ಸೂಲಗಿತ್ತಿ), ಮೂರು ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ), ನಾಲ್ಕು ವರ್ಷದ ಬಿಎಸ್‌ಸಿ ನರ್ಸಿಂಗ್. ಈ ಯಾವುದಕ್ಕೂ ಪಿಯುಸಿ ಮುಗಿಸದೆ ಪ್ರವೇಶವಿಲ್ಲ. ಆರು ತಿಂಗಳ ‘ನರ್ಸಿಂಗ್ ಅಸಿಸ್ಟೆಂಟ್’ ಕೋರ್ಸ್ ಮುಗಿಸಿದವರು ರೋಗಿಯನ್ನು ಎಬ್ಬಿಸಿ ಕೂರಿಸುವುದು, ಮೈ ಒರೆಸುವುದು, ಹಾಸಿಗೆ ಬದಲಿಸುವುದು, ಗಾಲಿಕುರ್ಚಿ ತಳ್ಳುವುದು ಕಲಿತಿರುತ್ತಾರೆ. ಅದು ಗೌರವದ ಕೆಲಸ, ಬೇಕಾದ ಕೆಲಸ. ಆದರೆ ಅದರ ಪಗಾರ ಸಹಾಯಕರ ಪಗಾರ, ನರ್ಸ್ ಪಗಾರವಲ್ಲ. ಮುಂದೆ ಜಿಎನ್‌ಎಂ ಓದಬೇಕೆಂದರೆ ಈ ಆರು ತಿಂಗಳು ಲೆಕ್ಕಕ್ಕೆ ಬರುವುದಿಲ್ಲ. ಮೊದಲ ವರ್ಷದಿಂದಲೇ ಶುರು.

ನಂಬಿಕೆ: ‘ಸಂಸ್ಥೆ ರಜಿಸ್ಟರ್ ಆಗಿದೆ, ಐಎಸ್ಒ ಇದೆ. ಅಂದಮೇಲೆ ಸರ್ಟಿಫಿಕೇಟಿಗೂ ಮಾನ್ಯತೆ ಇದೆ.’

ಸತ್ಯ: ಸೊಸೈಟಿಯಾಗಿಯೋ ಟ್ರಸ್ಟ್ ಆಗಿಯೋ ನೋಂದಣಿ ಮಾಡಿಸುವುದು ಬೇರೆ, ಕೋರ್ಸಿಗೆ ಮಾನ್ಯತೆ ಪಡೆಯುವುದು ಬೇರೆ. ಐಎಸ್ಒ ಕೂಡ ಕಚೇರಿ ನಡೆಸುವ ಕ್ರಮಕ್ಕೆ ಸಿಗುವ ಪ್ರಮಾಣಪತ್ರ. ಕಲಿಸುವ ವಿದ್ಯೆಗೆ ಅಲ್ಲ. ಕರ್ನಾಟಕದಲ್ಲಿ ಲ್ಯಾಬ್, ಎಕ್ಸರೇ, ಡಯಾಲಿಸಿಸ್, ಶಸ್ತ್ರಚಿಕಿತ್ಸಾ ಕೊಠಡಿ, ನೇತ್ರ ತಂತ್ರಜ್ಞಾನ, ಆರೋಗ್ಯ ನಿರೀಕ್ಷಕ ಮುಂತಾದ ಡಿಪ್ಲೊಮಾಗಳ ಪರೀಕ್ಷೆ ನಡೆಸುತ್ತ ಬಂದದ್ದು ರಾಜ್ಯ ಪ್ಯಾರಾಮೆಡಿಕಲ್ ಮಂಡಳಿ. ಪಿಯುಸಿ ವಿಜ್ಞಾನ ಓದಿದವರಿಗೆ ಎರಡು ವರ್ಷ, ಎಸ್ಸೆಸ್ಸೆಲ್ಸಿ ಆದವರಿಗೆ ಮೂರು ವರ್ಷ.

ಇದರ ಮೇಲೆ 2021ರಲ್ಲಿ ಕೇಂದ್ರದ ಕಾಯ್ದೆಯೊಂದು ಬಂದಿದೆ: ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ಆಯೋಗ ಕಾಯ್ದೆ. ಅದರ ಪ್ರಕಾರ ಸಹಾಯಕ ಆರೋಗ್ಯ ವೃತ್ತಿಪರ (ಅಲೈಡ್ ಹೆಲ್ತ್ ಪ್ರೊಫೆಷನಲ್) ಎನಿಸಿಕೊಳ್ಳಲು ಕನಿಷ್ಠ 2,000 ಗಂಟೆಗಳ, ಎರಡರಿಂದ ನಾಲ್ಕು ವರ್ಷ ಹರಡಿದ ಓದು ಬೇಕು. ದಿನಕ್ಕೆ ಆರು ತಾಸು, ತಿಂಗಳಿಗೆ 25 ದಿನ ಬಿಡದೆ ಕಲಿತರೂ ಆರು ತಿಂಗಳಿಗೆ ಆಗುವುದು 900 ಗಂಟೆ. ಅರ್ಧವೂ ಅಲ್ಲ.

ಗಡಿಭಾಗದವರಿಗೆ ಇನ್ನೊಂದು ಎಚ್ಚರಿಕೆ. ಮಿರಜ, ಸಾಂಗಲಿಯಲ್ಲಿ ಓದಿದರೆ ಕಾಗದ ಮಹಾರಾಷ್ಟ್ರದ ಮಂಡಳಿಯದು. ಅದು ಕರ್ನಾಟಕದ ಸರ್ಕಾರಿ ನೇಮಕಾತಿಗೆ ನಡೆಯುತ್ತದೆಯೇ ಎಂಬುದನ್ನು ಫೀ ಕಟ್ಟುವ ಮುನ್ನವೇ ನೇಮಕಾತಿ ಅಧಿಸೂಚನೆಯ ವಿದ್ಯಾರ್ಹತೆ ಕಾಲಂ ಓದಿ ತಿಳಿಯಬೇಕು.

ನಂಬಿಕೆ: ‘ಖರ್ಚು ಎಂದರೆ ಫೀ. ಕೈಗೆ ಪಗಾರ ಬಂತೆಂದರೆ ಎಲ್ಲ ಲಾಭ.’

ಸತ್ಯ: ಜನ ಎಡವುವುದು ಹೆಚ್ಚಾಗಿ ಇಲ್ಲಿಯೇ. ಕಲಿಯುವ ಅವಧಿಯಲ್ಲಿ ಬಿಟ್ಟುಕೊಟ್ಟ ದುಡಿಮೆಯೂ ಖರ್ಚೇ. ಲಾಭ ಎಂದರೆ ಪೂರ್ತಿ ಪಗಾರವಲ್ಲ. ಕೋರ್ಸ್ ಮಾಡದೆಯೂ ಗಳಿಸಬಹುದಾಗಿದ್ದ ಮೊತ್ತಕ್ಕಿಂತ ಹೆಚ್ಚು ಸಿಕ್ಕಿದ್ದಷ್ಟೇ. ಲೆಕ್ಕದ ದಾರಿ ತೋರಿಸಲು ಕೆಲವು ಅಂಕಿ ಊಹಿಸಿಕೊಳ್ಳೋಣ. ಇವು ಯಾವ ಸಂಸ್ಥೆಯವೂ ಅಲ್ಲ, ನಿಮ್ಮ ಅಂಕಿಗಳನ್ನು ನೀವೇ ಹಾಕಿಕೊಳ್ಳಿ.

ಆರು ತಿಂಗಳ ಕೋರ್ಸಿಗೆ ಫೀ 40,000 ರೂಪಾಯಿ. ಬಸ್ಸು, ಊಟ, ಸಮವಸ್ತ್ರ, ಪರೀಕ್ಷೆ ಸೇರಿ 15,000. ಅಂಗಡಿಯಲ್ಲೋ ಹೊಲದಲ್ಲೋ ತಿಂಗಳಿಗೆ 7,000 ದುಡಿಯಬಹುದಾಗಿದ್ದ ಹುಡುಗಿ ಆರು ತಿಂಗಳಲ್ಲಿ ಬಿಟ್ಟದ್ದು 42,000. ಒಟ್ಟು 97,000. ಕೋರ್ಸ್ ಮುಗಿದ ಮೇಲೆ ಪಗಾರ 9,000 ಎಂದರೆ ನಿಜವಾದ ಹೆಚ್ಚಳ ತಿಂಗಳಿಗೆ 2,000. ಹಾಕಿದ್ದು ವಾಪಸ್ ಬರಲು ನಾಲ್ಕು ವರ್ಷ ದಾಟುತ್ತದೆ.

ಈಗ ಎರಡು ವರ್ಷದ ಲ್ಯಾಬ್ ಡಿಪ್ಲೊಮಾ. ಫೀ, ವಸತಿ, ಇತರ ಖರ್ಚು 1,50,000. ಬಿಟ್ಟ ದುಡಿಮೆ 1,68,000. ಒಟ್ಟು 3,18,000. ನಂತರದ ಪಗಾರ 16,000 ಎಂದರೆ ಹೆಚ್ಚಳ 9,000; ಸುಮಾರು ಮೂರು ವರ್ಷದಲ್ಲಿ ಬಂಡವಾಳ ಕೈಸೇರುತ್ತದೆ. ಅಗ್ಗವೆಂದು ಕಂಡದ್ದು ತುಟ್ಟಿಯಾಗಬಹುದು, ತುಟ್ಟಿಯೆಂದು ಕಂಡದ್ದು ಬೇಗ ತೀರಬಹುದು. ಇದನ್ನು ತೀರ್ಮಾನಿಸುವುದು ಫೀ ಅಲ್ಲ, ಮೊದಲಿನ ಮತ್ತು ನಂತರದ ಗಳಿಕೆಯ ಅಂತರ. ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಸರ್ಟಿಫಿಕೇಟೇ ಇಲ್ಲದೆ ಸೇರಿ ಕೆಲಸ ಕಲಿತ ಆಯಾಗಳೂ ವಾರ್ಡ್ ಬಾಯ್‌ಗಳೂ ಇದ್ದಾರೆ. ಅವರಿಗೂ ನಿಮಗೂ ಒಂದೇ ಪಗಾರವಾದರೆ ಆ ಸರ್ಟಿಫಿಕೇಟಿನ ಬೆಲೆ ಸೊನ್ನೆ.

ನಂಬಿಕೆ: ‘ನೂರಕ್ಕೆ ನೂರು ಪ್ಲೇಸ್‌ಮೆಂಟ್ ಎಂದಿದ್ದಾರೆ, ಇನ್ನೇನು ಚಿಂತೆ?’

ಸತ್ಯ: ಎಲ್ಲಿ, ಎಷ್ಟು ಪಗಾರಕ್ಕೆ, ಎಷ್ಟು ತಿಂಗಳು ಎಂಬುದು ಆ ಮಾತಿನಲ್ಲಿಲ್ಲ. ಕೆಲಸದ ಗುಣಮಟ್ಟ ಅಳೆಯಲು ನೇಮಕ ಪತ್ರ, ಪಿಎಫ್ (ಭವಿಷ್ಯ ನಿಧಿ), ಇಎಸ್ಐ (ನೌಕರರ ವಿಮೆ) ಕೇಳಿ. 20 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗೆ ಪಿಎಫ್ ಅನ್ವಯಿಸುತ್ತದೆ. 10 ಮತ್ತು ಹೆಚ್ಚು ಜನರಿದ್ದು ಪಗಾರ 21,000ದೊಳಗಿದ್ದರೆ ಇಎಸ್ಐ. ಪಿಎಫ್‌ಗೆ ಶೇ 12, ಇಎಸ್ಐಗೆ ಶೇ 0.75 ಪಗಾರದಿಂದ ಕಡಿತವಾಗುತ್ತದೆ; ಹೆಚ್ಚೂಕಡಿಮೆ ಅಷ್ಟೇ ಪಿಎಫ್ ಪಾಲನ್ನೂ, ಇಎಸ್ಐಗೆ ಶೇ 3.25ನ್ನೂ ಮಾಲೀಕರು ಹಾಕಬೇಕು. ಇವಿಲ್ಲದ 10,000ಕ್ಕಿಂತ ಇವೆಲ್ಲ ಇರುವ 9,000 ಹಲವು ಸಲ ಮೇಲು.

ನಂಬಿಕೆ: ‘ಕೆಲಸ ಸಿಗದಿದ್ದರೆ ಊರಲ್ಲೇ ಸ್ವಂತ ಕ್ಲಿನಿಕ್ಕೋ ಲ್ಯಾಬೋ ಹಾಕಿಕೊಂಡರಾಯಿತು.’

ಸತ್ಯ: ಇದು ನಷ್ಟದ ದಾರಿಯಷ್ಟೇ ಅಲ್ಲ, ಜೈಲಿನ ದಾರಿ. ವೈದ್ಯರಾಗಿ ನೋಂದಣಿಯಾಗದೆ ಅಲೋಪಥಿ ಚಿಕಿತ್ಸೆ ಕೊಟ್ಟರೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಕಲಮಿನಡಿ ಒಂದು ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಲ್ಯಾಬ್ ವಿಷಯದಲ್ಲಿ, ತಂತ್ರಜ್ಞರೇ ವರದಿಗೆ ಸಹಿ ಹಾಕುವಂತಿಲ್ಲ, ಅರ್ಹ ವೈದ್ಯರೇ ಹಾಕಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ರಾಜ್ಯದಲ್ಲಿ ಯಾವುದೇ ಖಾಸಗಿ ಕ್ಲಿನಿಕ್, ಲ್ಯಾಬ್ ನಡೆಸಲು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯೂ ಬೇಕು.

ನಂಬಿಕೆ: ‘ಪುಕ್ಕಟೆ ತರಬೇತಿಗೆ ಬೆಲೆ ಇಲ್ಲ.’

ಸತ್ಯ: ಇದೇ ಸಹಾಯಕರ ಕೆಲಸವನ್ನು ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಹೆಸರಿನಲ್ಲಿ ಸರ್ಕಾರಿ ಕೌಶಲ ಯೋಜನೆಗಳು ಫೀ ಇಲ್ಲದೆ ಕಲಿಸುತ್ತ ಬಂದಿವೆ. ಗ್ರಾಮೀಣ ಬಡ ಕುಟುಂಬದ 15ರಿಂದ 35 ವರ್ಷದವರಿಗಾಗಿ 2014ರಲ್ಲಿ ಆರಂಭವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ ಯೋಜನೆ, 2015ರ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಅಂಥವು. ಇಲ್ಲಿಂದಲೂ ಸಿಗುವುದು ಸಹಾಯಕರ ಕೆಲಸವೇ. ಆದರೆ ಅದೇ ಕೆಲಸಕ್ಕೆ 40,000 ಕಟ್ಟುವ ಅಗತ್ಯವೇನು?

ನಂಬಿಕೆ: ‘ಈ ಸರ್ಟಿಫಿಕೇಟಿನಿಂದ ಅಮೆರಿಕ, ದುಬೈಗೆ ಹೋಗಬಹುದು.’

ಸತ್ಯ: ಹೆಸರು ನಮ್ಮ ಕೋರ್ಸಿನಂತೆಯೇ ಕಂಡರೂ ಅಮೆರಿಕದಲ್ಲಿ ಮೆಡಿಕಲ್ ಅಸಿಸ್ಟೆಂಟ್ ಎಂಬುದು ಬೇರೆಯದೇ ವೃತ್ತಿ. ಅಲ್ಲಿನ ಸರ್ಕಾರಿ ಅಂಕಿಅಂಶದಂತೆ 2023ರಲ್ಲಿ ಅವರ ಮಧ್ಯಮ ವಾರ್ಷಿಕ ಸಂಬಳ ಸುಮಾರು 42,000 ಡಾಲರ್. ಆ ಅಂಕಿಗೂ ನಮ್ಮ ಆರು ತಿಂಗಳ ಕೋರ್ಸಿಗೂ ಸಂಬಂಧವಿಲ್ಲ. ಕೊಲ್ಲಿ ದೇಶಗಳಲ್ಲಿ ನರ್ಸ್ ಆಗಲು ಮಾನ್ಯ ನರ್ಸಿಂಗ್ ಓದು, ನೋಂದಣಿ, ಲೈಸೆನ್ಸ್ ಬೇಕೇ ಬೇಕು. ವಿದೇಶಿ ಕೆಲಸ ಕೊಡಿಸುವ ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿ ಎಂಬ ಮಿತಿಯಿದೆ. ಲಕ್ಷಗಟ್ಟಲೆ ಕೇಳಿದವರಿಗೆ ಕೈಮುಗಿದು ಎದ್ದು ಬನ್ನಿ.

ನಂಬಿಕೆ: ‘ಹಾಗಾದರೆ ಸಣ್ಣ ಕೋರ್ಸೆಲ್ಲ ಮೋಸ.’

ಸತ್ಯ: ಅದೂ ಅಲ್ಲ. ಪಿಯುಸಿವರೆಗೆ ಓದಲಾಗದೆ ನಿಂತ ಹೆಣ್ಣುಮಕ್ಕಳಿಗೆ, ಮಕ್ಕಳು ದೊಡ್ಡವರಾದ ಮೇಲೆ ದುಡಿಮೆಗೆ ಇಳಿಯುವ ತಾಯಂದಿರಿಗೆ, ಮುದುಕರ ಆರೈಕೆಯ ಕೆಲಸ ಹುಡುಕುವವರಿಗೆ ಕಡಿಮೆ ಖರ್ಚಿನ ಚಿಕ್ಕ ತರಬೇತಿ ಒಳ್ಳೆಯದೇ. ಆದರೆ ವಿಜ್ಞಾನ ಓದಿ ಪಾಸಾದ ಹುಡುಗಿಯನ್ನು ‘ಬೇಗ ಕೆಲಸ’ ಎಂದು ಅದಕ್ಕೆ ಸೇರಿಸುವುದು ಅವಳ ದಾರಿಯನ್ನು ಮೊಟಕು ಮಾಡಿದಂತೆ. ಅಂಥವರು ಮೊದಲು ಕೇಳಬೇಕಾದದ್ದು ಸರ್ಕಾರಿ ವೈದ್ಯಕೀಯ ಕಾಲೇಜುಗಳ ಡಿಪ್ಲೊಮಾ ಸೀಟು, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನ ನೆರವು, ಹಾಸ್ಟೆಲ್.

ಕಬ್ಬಿನ ಬಿಲ್ಲು ಬಂದ ಕೂಡಲೇ ಫೀ ಕಟ್ಟಲು ಓಡಬೇಡಿ. ನಾಲ್ಕು ಉತ್ತರಗಳನ್ನು ಬರಹದಲ್ಲಿ ಪಡೆಯಿರಿ: ಪರೀಕ್ಷೆ ನಡೆಸುವ ಮಂಡಳಿ ಯಾವುದು, ಓದಿದ ಮೇಲೆ ಯಾವ ಕೌನ್ಸಿಲ್‌ನಲ್ಲಿ ನೋಂದಣಿ, ಫೀ ಸೇರಿ ಒಟ್ಟು ಖರ್ಚೆಷ್ಟು, ಕಳೆದ ವರ್ಷ ಮುಗಿಸಿದವರು ಈಗ ಎಲ್ಲಿ ಎಷ್ಟು ಪಗಾರಕ್ಕಿದ್ದಾರೆ. ಆಮೇಲೆ ನೀವು ಕೆಲಸಕ್ಕೆ ಸೇರಬಯಸುವ ಆಸ್ಪತ್ರೆಗೇ ಹೋಗಿ, ಈ ಕಾಗದ ತಂದರೆ ಎಷ್ಟು ಕೊಡುತ್ತೀರಿ, ತರದಿದ್ದರೆ ಎಷ್ಟು ಎಂದು ಕೇಳಿ. ಆ ಎರಡು ಮೊತ್ತಗಳ ನಡುವಿನ ಅಂತರಕ್ಕೆ ತಕ್ಕಷ್ಟೇ ಖರ್ಚು ಮಾಡಿ; ಅಂತರವೇ ಇಲ್ಲದಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ.