ಗಾಜಿನ ಮನೆಯ ಬಾಳೆಗಿಡ, ಜಲವರ್ಣದ ಮೊದಲ ಪಾಠ

ಹೊರಗೆ ಹಿಮ ಬೀಳುತ್ತಿತ್ತು. ಒಳಗೆ ನಾವು ಬಾಳೆಗಿಡದ ಕೆಳಗೆ ಕುಳಿತು ಬೆವರು ಒರೆಸಿಕೊಳ್ಳುತ್ತಿದ್ದೆವು.

ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಪಾಲ್ಮೆನ್‌ಗಾರ್ಟನ್ ಎಂಬ ಸಸ್ಯೋದ್ಯಾನದ ಮಾತಿದು. 1871ರಿಂದ ಜನರಿಗೆ ತೆರೆದಿರುವ ತೋಟ. ಅದರ ಗಾಜಿನ ಮನೆಗಳಲ್ಲಿ ತಾಳೆ, ಬಾಳೆ, ಕೆಸುವಿನ ಜಾತಿಯ ದೊಡ್ಡ ದೊಡ್ಡ ಎಲೆಗಳು ಮೈ ತುಂಬಿಕೊಂಡು ನಿಂತಿವೆ. ಗಲ್ಫಿನಿಂದ ರಜೆಗೆಂದು ಹೋದ ನಾವಿಬ್ಬರು, ಗಂಡ ಹೆಂಡತಿ, ಅಲ್ಲಿ ನೆಲೆಸಿರುವ ತಂಗಿಯ ಮನೆಯಲ್ಲಿ ಇಳಿದುಕೊಂಡಿದ್ದೆವು. ಚಳಿಗೆ ಹೆದರಿ ಮನೆಯಲ್ಲೇ ಕೂತಿದ್ದವರನ್ನು ಅವಳು ಎಬ್ಬಿಸಿದಳು. "ಬನ್ನಿ ಭಾವ, ಇಲ್ಲಿಯೂ ಒಂದು ಊರಿದೆ, ತೋರಿಸುತ್ತೇನೆ" ಎಂದು ಕರೆದುಕೊಂಡು ಹೋದದ್ದು ಆ ಗಾಜಿನ ಮನೆಗೆ. ಬಾಗಿಲು ತೆರೆದೊಡನೆ ಕನ್ನಡಕದ ಮೇಲೆ ಹಬೆ ಕಟ್ಟಿತು. ಮೂಗಿಗೆ ಬಡಿದದ್ದು ಜೂನ್ ತಿಂಗಳ ಹಿತ್ತಿಲ ವಾಸನೆ. ಒದ್ದೆ ಮಣ್ಣು, ಕೊಳೆತ ಎಲೆ, ಹಸಿ ಬಾಳೆದಿಂಡು.

ತಂಗಿ ಚೀಲದಿಂದ ಅಂಗೈಯಗಲದ ಬಣ್ಣದ ಡಬ್ಬಿ ತೆಗೆದಳು. ಜರ್ಮನಿಯ ಊರೂರಿನಲ್ಲೂ ಫೋಲ್ಕ್ಸ್‌ಹೋಖ್‌ಶೂಲೆ ಎಂಬ ಜನಶಿಕ್ಷಣ ಕೇಂದ್ರಗಳಿವೆ. ಹಗಲು ದುಡಿದವರು ಸಂಜೆ ಬಂದು ಭಾಷೆ, ಹೊಲಿಗೆ, ಅಡುಗೆ, ಚಿತ್ರಕಲೆ ಕಲಿಯುತ್ತಾರೆ. ಅವಳು ಅಲ್ಲಿ ಜಲವರ್ಣದ ತರಗತಿಗೆ ಸೇರಿದ್ದಳು. "ಇಗೋ, ಬರೆಯಿರಿ" ಎಂದು ಕಾಗದ ಕೊಟ್ಟಳು. ಏಳನೇ ತರಗತಿಯ ನಂತರ ಕುಂಚ ಹಿಡಿಯದ ನಾವು ನಾಚಿಕೊಂಡೇ ಆರಂಭಿಸಿದೆವು. ಒಂದು ಗಂಟೆಯ ಮೇಲೆ ಕಾಗದದಲ್ಲಿದ್ದದ್ದು ಬಾಳೆ ಎಲೆಯೋ ಹಸಿರು ಲುಂಗಿಯೋ ಹೇಳುವುದು ಕಷ್ಟವಿತ್ತು. ಆದರೆ ಆ ಒಂದು ಗಂಟೆ ನಾವು ಮೊಬೈಲ್ ನೋಡಿರಲಿಲ್ಲ.

ಚಳಿಯ ದೇಶದವರು ಬಿಸಿಲು ಹುಡುಕಿದ ಕತೆ

ನಮ್ಮ ಹಿತ್ತಿಲ ಬಣ್ಣಗಳನ್ನು ಚಿತ್ರಿಸಲು ಜರ್ಮನ್ನರು ಎಷ್ಟು ದೂರ ಹೋಗಿದ್ದಾರೆಂದು ಗೊತ್ತಾದದ್ದೂ ಆ ಪ್ರವಾಸದಲ್ಲೇ.

ಮರಿಯಾ ಸಿಬಿಲ್ಲಾ ಮೆರಿಯನ್ 1647ರಲ್ಲಿ ಹುಟ್ಟಿದ್ದು ಅದೇ ಫ್ರಾಂಕ್‌ಫರ್ಟ್‌ನಲ್ಲಿ. 1699ರಲ್ಲಿ, 52ನೇ ವಯಸ್ಸಿನಲ್ಲಿ, ಕಿರಿಯ ಮಗಳನ್ನು ಜೊತೆ ಮಾಡಿಕೊಂಡು ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋದಳು. ಅನಾನಸು, ಬಾಳೆ, ಪೇರಳೆ ಗಿಡಗಳನ್ನೂ ಅವುಗಳ ಮೇಲೆ ಬಾಳುವ ಹುಳ, ಚಿಟ್ಟೆಗಳನ್ನೂ ಜಲವರ್ಣದಲ್ಲಿ ಬಿಡಿಸಿದಳು. ಸಕ್ಕರೆ ಬಿಟ್ಟು ಬೇರೇನನ್ನೋ ಹುಡುಕುತ್ತಾಳೆಂದು ಅಲ್ಲಿನ ತೋಟದ ಮಾಲೀಕರು ನಗುತ್ತಿದ್ದರಂತೆ. ಕಾಯಿಲೆ ಬಿದ್ದು 1701ರಲ್ಲಿ ಮರಳಿದಳು. 1705ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅವಳ ದೊಡ್ಡ ಪುಸ್ತಕ 60 ಚಿತ್ರಗಳೊಂದಿಗೆ ಹೊರಬಂತು. ಅದರಲ್ಲಿ ನಮ್ಮ ಅಂಗಳದ ರತ್ನಗಂಧಿ ಹೂವೂ ಇದೆ. ಹುಟ್ಟುವ ಮಗು ಗುಲಾಮವಾಗದಿರಲಿ ಎಂದು ಅಲ್ಲಿನ ಗುಲಾಮ ಹೆಂಗಸರು ಆ ಗಿಡದ ಬೀಜ ತಿಂದು ಗರ್ಭ ಕಳೆದುಕೊಳ್ಳುತ್ತಿದ್ದರು ಎಂದು ಅವರ ಬಾಯಿಂದಲೇ ಕೇಳಿ ಮೆರಿಯನ್ ಬರೆದಿಟ್ಟಿದ್ದಾಳೆ. ಹೂವಿನ ಚಿತ್ರ ಬರೆಯುತ್ತಲೇ ಅದರ ಪಕ್ಕದಲ್ಲಿ ದುಡಿಯುವವರ ನೋವನ್ನೂ ಕಂಡವಳು ಆಕೆ.

ಮೆರಿಯನ್ ಕೂದಲೆಳೆಯಷ್ಟು ಸೂಕ್ಷ್ಮವಾಗಿ ಬರೆದಳು. ನೀರಿಗೆ ಸ್ವಾತಂತ್ರ್ಯ ಕೊಟ್ಟು ಬರೆದವರು ಬಂದದ್ದು ಇನ್ನೂರು ವರ್ಷಗಳ ಮೇಲೆ. 1914ರ ಏಪ್ರಿಲ್‌ನಲ್ಲಿ ಆಗಸ್ಟ್ ಮಾಕೆ, ಪೌಲ್ ಕ್ಲೇ, ಲೂಯಿ ಮೊಯಿಯೆ ಎಂಬ ಮೂವರು ಗೆಳೆಯರು ಟ್ಯುನೀಷಿಯಾಕ್ಕೆ ಹೋದರು. ಎರಡು ವಾರದ ಪ್ರವಾಸ ಅಷ್ಟೆ. ಬಿಳಿ ಗೋಡೆ, ನೀಲಿ ಬಾಗಿಲು, ಕತ್ತೆ, ಸಂತೆ, ಮಸೀದಿಯ ಗೋಪುರ. ನಾವು ಗಲ್ಫಿನಲ್ಲಿ ದಿನವೂ ನೋಡುವಂಥದೇ ಬೆಳಕು. ಮಾಕೆ ಆ ಕೆಲವೇ ದಿನಗಳಲ್ಲಿ 30ಕ್ಕೂ ಹೆಚ್ಚು ಜಲವರ್ಣ ಚಿತ್ರ ಮಾಡಿದ. ಬಿಸಿಲಿಗೆ ಬಣ್ಣ ಹಚ್ಚಲೇ ಇಲ್ಲ, ಕಾಗದದ ಬಿಳಿಯನ್ನು ಹಾಗೆಯೇ ಬಿಟ್ಟ. ಅದೇ ಸೆಪ್ಟೆಂಬರ್‌ನಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತ. ಆಗ ಅವನಿಗೆ 27 ವರ್ಷ.

ಮೂರನೆಯವನು ಎಮಿಲ್ ನೋಲ್ಡೆ. ರೈತನ ಮಗ. ಪೀಠೋಪಕರಣದ ಕಾರ್ಖಾನೆಯಲ್ಲಿ ಮರ ಕೆತ್ತುವ ಕೆಲಸ ಕಲಿತವನು. 1913ರಲ್ಲಿ ಪೆಸಿಫಿಕ್ ಸಾಗರದ ನ್ಯೂಗಿನಿಗೆ ಹೋಗಿ ಅಲ್ಲಿನ ಜನರನ್ನು ಜಲವರ್ಣದಲ್ಲಿ ಬರೆದ. ನೀರು ಹೀರುವ ಜಪಾನಿ ಕಾಗದವನ್ನು ಒದ್ದೆ ಮಾಡಿ, ಬಣ್ಣ ಬಿಟ್ಟು, ಅದು ಹರಡಿದ ದಾರಿಯನ್ನೇ ಹೂವಾಗಿಸುವುದು ಅವನ ರೀತಿ. ಡೆನ್ಮಾರ್ಕ್ ಗಡಿಯ ಬಳಿ ಜೇಬುಲ್ ಎಂಬಲ್ಲಿ ಅವನ ಮನೆ ಮತ್ತು ಹೂತೋಟ ಈಗ ವಸ್ತುಸಂಗ್ರಹಾಲಯ. ಹಿಟ್ಲರನ ಸರ್ಕಾರ ಅವನ ಸಾವಿರಕ್ಕೂ ಹೆಚ್ಚು ಕೃತಿಗಳನ್ನು ವಸ್ತುಸಂಗ್ರಹಾಲಯಗಳಿಂದ ಕಿತ್ತುಹಾಕಿತು, 1941ರಲ್ಲಿ ವೃತ್ತಿಗೆ ನಿಷೇಧ ಹೇರಿತು. ಹಾಗಾಗಿ ಬಹುಕಾಲ ಅವನನ್ನು ಕೇವಲ ಬಲಿಪಶು ಎಂದೇ ನಂಬಲಾಗಿತ್ತು. ಆದರೆ ಅವನು ನಾಜಿ ಪಕ್ಷದ ಸದಸ್ಯನಾಗಿದ್ದ, ಯೆಹೂದ್ಯರನ್ನು ದ್ವೇಷಿಸುತ್ತಿದ್ದ ಎಂಬುದನ್ನು 2019ರಲ್ಲಿ ಬರ್ಲಿನ್‌ನ ಪ್ರದರ್ಶನವೊಂದು ದಾಖಲೆ ಸಮೇತ ಜನರ ಮುಂದಿಟ್ಟಿತು. ಆಗಿನ ಚಾನ್ಸಲರ್ ಅಂಗೆಲಾ ಮರ್ಕೆಲ್ ಕಚೇರಿಯಲ್ಲಿದ್ದ ಅವನ ಎರಡು ಚಿತ್ರಗಳು ಗೋಡೆಯಿಂದ ಇಳಿದವು. ಅವನ ಬಣ್ಣದಿಂದ ಕಲಿಯಬಹುದು, ಅವನ ಮಾತಿನಿಂದಲ್ಲ.

ನಮ್ಮ ಊರಿಗೆ ಬಂದ ಜರ್ಮನ್ನರು

ಬಣ್ಣ ಹುಡುಕಿ ಹೋದವರ ಕತೆ ಇದಾದರೆ, ನಮಗೆ ಬಣ್ಣ ಕೊಟ್ಟ ಜರ್ಮನ್ನರೂ ಇದ್ದಾರೆ. ಡ್ರೆಸ್ಡೆನ್ ಬಳಿ 1865ರಲ್ಲಿ ಹುಟ್ಟಿದ ಗುಸ್ತಾವ್ ಕ್ರುಂಬಿಗಲ್ 1908ರಲ್ಲಿ ಬೆಂಗಳೂರಿನ ಲಾಲ್‌ಬಾಗ್‌ಗೆ ಬಂದರು. ಒಂದು ಜಾತಿಯ ಹೂ ಉದುರುವಾಗ ಇನ್ನೊಂದು ಅರಳುವಂತೆ ಬೀದಿಬೀದಿಗೆ ಮರ ಆರಿಸಿದರು. ಯುದ್ಧಕಾಲದಲ್ಲಿ ಶತ್ರುದೇಶದವರೆಂದು ಬಂಧನಕ್ಕೂ ಒಳಗಾದರು. ಆದರೂ ಇಲ್ಲೇ ಉಳಿದು 1956ರಲ್ಲಿ ಬೆಂಗಳೂರಿನಲ್ಲೇ ಕಣ್ಣುಮುಚ್ಚಿದರು. ನೋಲ್ಡೆ ತೀರಿಕೊಂಡದ್ದೂ ಅದೇ ವರ್ಷ.

ಬೆಂಗಳೂರಿನ ಹೂಮರಗಳನ್ನು ಬಣ್ಣದಲ್ಲಿ ಹಿಡಿದವರು ನಮ್ಮ ರುಮಾಲೆ ಚನ್ನಬಸವಯ್ಯ. ದೊಡ್ಡಬಳ್ಳಾಪುರದವರು, 1910ರಲ್ಲಿ ಹುಟ್ಟಿದವರು. ಸ್ವಾತಂತ್ರ್ಯ ಹೋರಾಟಕ್ಕೆಂದು ಕುಂಚ ಕೆಳಗಿಟ್ಟರು. ಮತ್ತೆ ಪೂರ್ತಿಯಾಗಿ ಚಿತ್ರಕಲೆಗೆ ಮರಳಿದ್ದು ಐವತ್ತು ದಾಟಿದ ಮೇಲೆ. ಬಯಲಲ್ಲಿ ಕುಳಿತು ಬರೆದ ಅವರ ಗುಲ್‌ಮೊಹರ್, ಜಕರಾಂಡ ಮರಗಳಲ್ಲಿ ಎಲೆ ಎಣಿಸಲು ಸಿಗುವುದಿಲ್ಲ, ಬಿಸಿಲು ಮಾತ್ರ ಸಿಗುತ್ತದೆ. "ಈ ವಯಸ್ಸಿನಲ್ಲಿ ಇದೆಲ್ಲ ಏಕೆ" ಎನ್ನುವ ನಮ್ಮವರಿಗೆ ಮೆರಿಯನ್ ಒಂದು ಉತ್ತರ, ರುಮಾಲೆ ಇನ್ನೊಂದು.

ನಮ್ಮ ಕರಾವಳಿಯ ಚಿತ್ರದಲ್ಲಿ ತೆಂಗಿನ ಹಸಿರಿನ ನಡುವೆ ಇಣುಕುವ ಕೆಂಪು ಬಣ್ಣದ ಕತೆಯೂ ಹೀಗೆಯೇ. ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ. ಮಂಗಳೂರು ಹೆಂಚು ಹುಟ್ಟಿದ್ದು ಅಲ್ಲಿ.

ಇನ್ನು ಕುಂಚ ಹಿಡಿಯೋಣ

ಜರ್ಮನಿಯಲ್ಲಿ ಬಣ್ಣದ ಸಾಮಾನಿಗೆ ಬರವಿಲ್ಲ. ಹಾನೆಮ್ಯೂಲೆ ಕಾಗದದ ಗಿರಣಿ 1584ರದ್ದು, ಶ್ಮಿಂಕೆ ಬಣ್ಣದ ಕಂಪನಿ 1881ರದ್ದು. ಶಾಲಾಮಕ್ಕಳ ಬಣ್ಣದ ಪೆಟ್ಟಿಗೆಗೂ ಅಲ್ಲಿ ಡಿಐಎನ್ ಮಾನಕವಿದೆ! ಆದರೆ ಆರಂಭಕ್ಕೆ ದುಬಾರಿ ಸಾಮಾನು ಬೇಡ. 12 ಬಣ್ಣದ ಸಾದಾ ಡಬ್ಬಿ, 8 ಅಥವಾ 10ನೇ ನಂಬರಿನ ಒಂದು ದುಂಡು ಕುಂಚ, ಎರಡು ಲೋಟ ನೀರು, ಹಳೆ ಬನಿಯನ್ ಬಟ್ಟೆ ಸಾಕು. ಹಣ ಹಾಕುವುದಾದರೆ ಕಾಗದಕ್ಕೆ ಹಾಕಿ. 300 ಜಿಎಸ್‌ಎಂ ದಪ್ಪದ ಜಲವರ್ಣ ಕಾಗದವೇ ಬೇಕು. ಪ್ರಿಂಟರ್ ಕಾಗದ ನೀರು ಕಂಡರೆ ಹಪ್ಪಳವಾಗುತ್ತದೆ.

ಫ್ರಾಂಕ್‌ಫರ್ಟ್‌ನ ಗಾಜಿನ ಮನೆಯ ತೇವದಲ್ಲಿ ನಮ್ಮ ಕಾಗದ ಬೇಗ ಒಣಗುತ್ತಲೇ ಇರಲಿಲ್ಲ. ಬಣ್ಣಕ್ಕೆ ಬಣ್ಣ ತಾನಾಗಿ ಬೆರೆಯುತ್ತಿತ್ತು. ಗಲ್ಫಿಗೆ ಮರಳಿ ಎಸಿ ರೂಮಿನಲ್ಲಿ ಕೂತರೆ ಎಲ್ಲವೂ ಉಲ್ಟಾ. ಒಂದು ಗೆರೆ ಮುಗಿಯುವ ಮೊದಲೇ ಇನ್ನೊಂದು ಒಣಗಿ ಅಂಚು ಗಟ್ಟಿ! ವಾರಗಟ್ಟಲೆ ನಮ್ಮ ಕೈಯನ್ನೇ ಬೈದುಕೊಂಡೆವು. ತಪ್ಪು ಕೈಯದ್ದಲ್ಲ, ಒಣ ಗಾಳಿಯದ್ದು. ಕಾಗದದ ಎರಡೂ ಬದಿ ನೀರು ಸವರಿ ಸ್ಟೀಲ್ ತಟ್ಟೆಯ ಬೆನ್ನಿಗೆ ಅಂಟಿಸಿಕೊಳ್ಳಿ, ಎಸಿಯ ಗಾಳಿಗೆ ನೇರ ಕೂರಬೇಡಿ, ಬಣ್ಣವನ್ನು ಮೊದಲೇ ಧಾರಾಳವಾಗಿ ಕಲಸಿಟ್ಟುಕೊಳ್ಳಿ. ಆಗ ಬಣ್ಣ ಹರಿದಾಡಲು ಸಮಯ ಸಿಗುತ್ತದೆ.

ಬಾಳೆ ಎಲೆಗೆ: ಒದ್ದೆ ಕಾಗದದ ಮೇಲೆ ಮೊದಲು ನಿಂಬೆಹಳದಿ ಹರಡಿ. ಅದು ಹಸಿಯಿರುವಾಗಲೇ ಒಂದು ಅಂಚಿಗೆ ನೀಲಿ ಮುಟ್ಟಿಸಿ. ಹಸಿರು ಕಾಗದದ ಮೇಲೆಯೇ ಹುಟ್ಟಲಿ. ಡಬ್ಬಿಯ ಸಿದ್ಧ ಹಸಿರಿಗಿಂತ ಇದಕ್ಕೆ ಜೀವ ಹೆಚ್ಚು. ನಡುದಿಂಡು ಬಿಳಿಯಾಗಿ ಬೇಕೆಂದರೆ ಅರೆ ಒಣಗಿದಾಗ ಒರೆಸಿದ ಕುಂಚದಿಂದ ಬಣ್ಣ ಎತ್ತಿ.

ತೆಂಗಿನ ಗರಿಗೆ: ಬಿಲ್ಲಿನಂತೆ ಬಾಗಿದ ಒಂದೇ ಗೆರೆ ಎಳೆಯಿರಿ. ಅದರಿಂದ ಹೊರಕ್ಕೆ, ಒತ್ತಿ ಆರಂಭಿಸಿ ಎತ್ತಿಬಿಡುವ ಚುರುಕು ಗೆರೆಗಳು. ಎಲ್ಲ ಗರಿಯನ್ನೂ ಎಣಿಸಬೇಡಿ. ಗಾಳಿ ಬೀಸುವ ಕಡೆಗೆ ವಾಲಿದರೆ ಮರ ತಾನೇ ನಿಲ್ಲುತ್ತದೆ.

ಹೆಂಚಿನ ಮಾಡಿಗೆ: ಬರ್ನ್ಟ್ ಸಿಯೆನ್ನಾ ಎಂಬ ಕಾವಿ ಬಣ್ಣ ಸಾಕು. ಅದಕ್ಕೆ ಅಲ್ಟ್ರಾಮರೀನ್ ನೀಲಿ ಸೇರಿಸಿದರೆ ಚೆಂದದ ಬೂದು ನೆರಳು ಸಿಗುತ್ತದೆ. ಕಪ್ಪು ಬೇಡ. ಬಿಳಿಯೂ ಬೇಡ, ಅದು ಕಾಗದದಲ್ಲೇ ಇದೆ.

ಕೊನೆಯದು, ಎಲ್ಲಕ್ಕಿಂತ ಕಷ್ಟದ್ದು: ಹಚ್ಚಿದ ಮೇಲೆ ಕೈ ಕಟ್ಟಿ ಕೂರಿ. ಅರೆ ಒಣಗಿದ ಬಣ್ಣವನ್ನು ತಿದ್ದಲು ಹೋದರೆ ಕೆಸರಾಗುತ್ತದೆ. ಇಂಚು ತಪ್ಪಿದರೆ ಸಂಬಳ ಕಡಿತವಾಗುವ ಕೆಲಸಗಳಲ್ಲಿ ಪಳಗಿದ ಕೈ ನಮ್ಮದು. ಹಾಗೇ ಬಿಡು ಎಂದರೆ ಅದು ಕೇಳುವುದಿಲ್ಲ. ಆ ಬಿಡುವುದನ್ನು ಕಲಿಯುವುದೇ ಪಾಠ.

ಬಾವಿ ಎಡಕ್ಕೋ ಬಲಕ್ಕೋ

ಕೈ ಸ್ವಲ್ಪ ಕುದುರಿದ ಮೇಲೆ ಊರಿನ ಮನೆ ಬರೆಯೋಣವೆಂದು ಕುಳಿತೆವು. ಹೆಂಚಿನ ಹಳೆಯ ಮನೆ. ಮಾಡು, ಜಗಲಿ, ತೆಂಗು ಬಂದವು. ಬಾವಿಯ ಹತ್ತಿರ ಕುಂಚ ನಿಂತಿತು. ಬಾವಿ ಎಡಕ್ಕಿತ್ತೋ ಬಲಕ್ಕಿತ್ತೋ? ಇಬ್ಬರಿಗೂ ಖಾತ್ರಿಯಿಲ್ಲ. ಹುಟ್ಟಿ ಬೆಳೆದ ಮನೆ! ಎರಡು ವರ್ಷಕ್ಕೊಮ್ಮೆ ಹೋಗುತ್ತೇವೆ, ಬ್ಯಾಂಕು, ಮದುವೆ, ಆಸ್ಪತ್ರೆ ಎಂದು ಓಡಾಡಿ ಬರುತ್ತೇವೆ. ನಿಂತು ನೋಡಿ ಎಷ್ಟು ವರ್ಷವಾಯಿತೋ.

ಅಮ್ಮನಿಗೆ ಫೋನ್ ಮಾಡಿದೆವು. "ಎಂಥ ಮಾರಾಯ, ಬಲಗಡೆ ಅಲ್ವಾ? ಅದರ ಕಟ್ಟೆಯಿಂದ ಬಿದ್ದು ಹಲ್ಲು ಮುರಿದುಕೊಂಡದ್ದು ಮರೆತುಹೋಯ್ತಾ?" ಎಂದರು. ಅಲ್ಲಿಂದ ಮಾತು ಬಾವಿಯ ಪಕ್ಕದ ಅಬ್ಬಲಿಗೆಗೆ, ಅದನ್ನು ನೆಟ್ಟ ಅಜ್ಜಿಗೆ, ಅಜ್ಜಿ ತಂದಿದ್ದ ಬಿಳಿ ದಾಸವಾಳಕ್ಕೆ ಹೋಯಿತು. "ಊಟ ಆಯ್ತಾ, ಆಯ್ತು, ಇಡ್ಲಾ" ಎಂದು ಎರಡು ನಿಮಿಷಕ್ಕೆ ಮುಗಿಯುತ್ತಿದ್ದ ಫೋನು ಅಂದು ಮುಕ್ಕಾಲು ಗಂಟೆ ನಡೆಯಿತು. ಈಗ ಪ್ರತಿ ಶುಕ್ರವಾರ ಅಮ್ಮನೇ ಕೇಳುತ್ತಾರೆ, "ಈ ವಾರ ಏನು ಬರೆಯುವುದು?"

ಆ ಮನೆ ಹೆಚ್ಚು ದಿನ ಇರುವುದಿಲ್ಲ. ಮಳೆಗಾಲ ಮುಗಿದ ಮೇಲೆ ಕೆಡವಿ ತಾರಸಿ ಮನೆ ಕಟ್ಟುವುದೆಂದು ಅಣ್ಣತಮ್ಮಂದಿರು ಸೇರಿ ತೀರ್ಮಾನಿಸಿದ್ದಾರೆ. ನಾವೂ ಒಪ್ಪಿದ್ದೇವೆ. ಸೋರುವ ಮಾಡಿನ ಕೆಳಗೆ ಅಮ್ಮನನ್ನು ಇರಿಸುವುದು ಸರಿಯಲ್ಲ. ಅದಕ್ಕೇ ಈ ಸಲದ ರಜೆಗೆ ಸೂಟ್‌ಕೇಸಿನಲ್ಲಿ ಬಣ್ಣದ ಡಬ್ಬಿ ಮೊದಲು ಹೋಗುತ್ತದೆ. ಕೆಡವುವ ಮುಂಚೆ ಅಂಗಳದಲ್ಲಿ ಕೂತು, ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮನೆಯನ್ನು ಎದುರಿಗೇ ನೋಡಿ ಬರೆಯಬೇಕು. ಚಿತ್ರ ಸೊಟ್ಟಗಾದರೂ ಚಿಂತೆಯಿಲ್ಲ. ಬಾವಿ ಮಾತ್ರ ಬಲಗಡೆ ಇರುತ್ತದೆ.