ಮೊದಲ ಬಸ್ಸಿನ ಡ್ರೈವರ್‌ಗೆ ಬಸ್ಸು ಯಾವುದು?

ಮಕ್ಕಳೇ, ಒಂದು ಪ್ರಶ್ನೆ. ನಸುಕಿನಲ್ಲಿ ಎಲ್ಲಕ್ಕಿಂತ ಮೊದಲು ಹೊರಡುವ ಬಸ್ಸು ಇದೆಯಲ್ಲ, ಅದನ್ನು ಓಡಿಸುವ ಡ್ರೈವರ್ ತನ್ನ ಮನೆಯಿಂದ ಯಾವ ಬಸ್ಸು ಹತ್ತಿ ಬರುತ್ತಾನೆ?

ಎಪ್ಪತ್ತು ದಾಟುವವರೆಗೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನಾನು ಬುತ್ತಿ ಹಿಡಿದು ರಸ್ತೆಗೆ ಬರುವ ಹೊತ್ತಿಗೆ ಬಸ್ಸುಗಳು ಎರಡೆರಡು ಸಲ ಹೋಗಿ ಬಂದಿರುತ್ತಿದ್ದವು. ಈ ಪ್ರಶ್ನೆ ತಂದವನು ಅಪ್ಸರಕೊಂಡದಲ್ಲಿ ನಮ್ಮ ಹಿತ್ತಿಲಿನಾಚೆಯ ಮನೆಯ ಹುಡುಗ. ಕಾಸರಕೋಡಿನ ಬಂದರಿನಿಂದ ಮೀನು ಲಾರಿ ಓಡಿಸುತ್ತಿದ್ದ. ಹೆವಿ ಲೈಸೆನ್ಸ್ ಇತ್ತು. ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಬಸ್ ಓಡಿಸುವ ಕೆಲಸ ಸಿಕ್ಕಿತು. ಕಂಪನಿಯವರು ಫೋನ್ ಮಾಡಿ, "ಕೆಂಗೇರಿ, ಯಶವಂತಪುರ, ಕೆ.ಆರ್. ಪುರ, ಈ ಮೂರರಲ್ಲಿ ಯಾವ ಡಿಪೋ ನಿಮಗೆ ಅನುಕೂಲ? ಎರಡು ದಿನದಲ್ಲಿ ಹೇಳಿ" ಅಂದರಂತೆ. ಹುಡುಗ ಬೆಂಗಳೂರು ನೋಡಿದ್ದು ಒಂದೇ ಸಲ, ಅದೂ ಮದುವೆಗೆ. ಸೀದಾ ನನ್ನ ಜಗುಲಿಗೆ ಬಂದ. ಬಿ.ಕಾಂ. ಓದಿದವರು ಎಂದರೆ ನಮ್ಮೂರಿನಲ್ಲಿ ಇವತ್ತಿಗೂ ಜಗತ್ತಿನ ಎಲ್ಲ ಲೆಕ್ಕವೂ ಅವರಿಗೆ ಬರುತ್ತದೆ ಎಂಬ ನಂಬಿಕೆ!

ಡಿಪೋ ಎಂದರೆ ಬಸ್ ನಿಲ್ದಾಣವಲ್ಲ. ನಿಲ್ದಾಣ ನಮಗೆ, ಡಿಪೋ ಬಸ್ಸಿಗೆ. ರಾತ್ರಿ ಬಸ್ಸು ಮಲಗುವುದು, ಸ್ನಾನ ಮಾಡುವುದು, ಡೀಸೆಲ್ ಕುಡಿಯುವುದು ಎಲ್ಲ ಅಲ್ಲೇ. ಎಲೆಕ್ಟ್ರಿಕ್ ಬಸ್ಸಾದರೆ ಚಾರ್ಜ್ ಆಗುವುದೂ ಅಲ್ಲೇ. ಸರ್ಕಾರಿ ಕಾಗದದಲ್ಲಿ ಅದಕ್ಕೆ 'ಘಟಕ' ಎಂದು ಹೆಸರು. ನಮ್ಮ ಭಾಗದ ಕೆಂಪು ಬಸ್ಸುಗಳು ಕುಮಟಾ, ಭಟ್ಕಳ ಮುಂತಾದ ಘಟಕಗಳವು. ಅವುಗಳ ಮೇಲೆ ಶಿರಸಿಯಲ್ಲಿ ವಿಭಾಗ ಕಚೇರಿ, ಅದರ ಮೇಲೆ ಹುಬ್ಬಳ್ಳಿಯಲ್ಲಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. 1961ರಲ್ಲಿ ಹುಟ್ಟಿದ ಕೆ.ಎಸ್.ಆರ್.ಟಿ.ಸಿ.ಯಿಂದ 1997ರಲ್ಲಿ ಬೆಂಗಳೂರಿನ ಬಿಎಂಟಿಸಿಯೂ ನಮ್ಮ ವಾಯವ್ಯ ಸಂಸ್ಥೆಯೂ ಬೇರೆಯಾದವು.

ನಮ್ಮ ಕಡೆ ಮೊದಲ ಬಸ್ಸಿನ ಪ್ರಶ್ನೆಗೆ ಸುಲಭದ ಉತ್ತರವಿದೆ: ವಸತಿ ಬಸ್ಸು. ರಾತ್ರಿ ಕಡೆಯ ಟ್ರಿಪ್ಪಿಗೆ ಹಳ್ಳಿಗೆ ಬಂದ ಬಸ್ಸು ಅಲ್ಲೇ ಉಳಿಯುತ್ತದೆ. ಡ್ರೈವರ್, ಕಂಡಕ್ಟರ್ ಅಲ್ಲೇ ಮಲಗಿ, ಬೆಳಿಗ್ಗೆ ಅದೇ ಬಸ್ಸನ್ನು ತಿರುಗಿಸಿಕೊಂಡು ಹೊರಡುತ್ತಾರೆ. ಶಾಲೆಗೆ, ಆಸ್ಪತ್ರೆಗೆ, ಹಾಲು ಮಾರಲು ಹೋಗುವವರೆಲ್ಲ ಅದನ್ನೇ ನಂಬಿರುತ್ತಾರೆ. ಆದರೆ ಶಹರದ ಡಿಪೋದಲ್ಲಿ ಸಾಲಾಗಿ ನಿಂತ ಬಸ್ಸುಗಳನ್ನು ಹೊರಡಿಸಲು ಡ್ರೈವರುಗಳೇ ಅಲ್ಲಿಗೆ ಬಂದು ಮುಟ್ಟಬೇಕು. ಮೆಟ್ರೊ ಶುರುವಾಗುವುದೇ ಬೆಳಗಿನ ಐದರ ಹೊತ್ತಿಗೆ. ಅಷ್ಟರಲ್ಲಿ ಇವನು ಬಸ್ಸಿನ ಟಯರು, ಬ್ರೇಕು, ಚಾರ್ಜು ನೋಡಿ ಗೇಟು ದಾಟಿರಬೇಕು. ಹಾಗಾಗಿ ದೂರದವರು ಹಿಂದಿನ ರಾತ್ರಿಯೇ ಬಂದು ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಮಲಗುವುದೂ ಉಂಟು.

ಹುಡುಗನ ಅಮ್ಮನಿಗೆ ಮಾತ್ರ ಉತ್ತರ ಆಗಲೇ ಗೊತ್ತಿತ್ತು. "ಕೆ.ಆರ್. ಪುರ ಅಂತ ಬರೆಸಿ ಅಜ್ಜಾ. ಅಣ್ಣನ ಮನೆ ಹೊಸಕೋಟೆಯಲ್ಲಿದೆ. ಬಾಡಿಗೆ ಇಲ್ಲ, ಊಟಕ್ಕೆ ಚಿಂತೆಯಿಲ್ಲ" ಅಂದಳು. ತಾಯಿ ಹೇಳಿದ್ದರಲ್ಲಿ ತಪ್ಪೇನಿಲ್ಲ. ಹೊಸ ಊರಿನಲ್ಲಿ ಸೋದರಮಾವನ ಮನೆಗಿಂತ ದೊಡ್ಡ ಆಸರೆ ಬೇರೆ ಯಾವುದು?

ನಾನು ಹಳೆಯ ಡೈರಿಯ ಖಾಲಿ ಹಾಳೆ ತೆಗೆದೆ. ಬ್ಯಾಂಕಿನಲ್ಲಿ ಜಮಾ ಒಂದು ಕಡೆ, ಖರ್ಚು ಒಂದು ಕಡೆ. ಇಲ್ಲಿ ಹಣದ ಬದಲು ಗಂಟೆ ಬರೆದೆ. 1961ರದ್ದೇ ಒಂದು ಕೇಂದ್ರ ಕಾಯಿದೆ 2025ರವರೆಗೆ ಜಾರಿಯಲ್ಲಿತ್ತು, ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ. ಅದರ ಪ್ರಕಾರ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸುವಂತಿರಲಿಲ್ಲ. ಒಂದು ದಿನದ ಕೆಲಸ ಮುಗಿದು ಮರುದಿನದ್ದು ಶುರುವಾಗುವ ನಡುವೆ ಕನಿಷ್ಠ 9 ಗಂಟೆ ಸತತ ವಿರಾಮ ಇರಬೇಕಿತ್ತು. ಬಹಳ ಒಳ್ಳೆಯ ಕಾಯಿದೆ. ಆದರೆ ಆ 9 ಗಂಟೆ ಲೆಕ್ಕಕ್ಕೆ ಬರುತ್ತಿದ್ದದ್ದು ಕೆಲಸ ಬಿಟ್ಟ ಕ್ಷಣದಿಂದ, ಹಾಸಿಗೆ ಮುಟ್ಟಿದ ಕ್ಷಣದಿಂದಲ್ಲ!

"ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ತೆಗೆ" ಅಂದೆ. ಹುಡುಗ 7 ಎಂದು ಬರೆದ. ಸ್ನಾನ, ಊಟ, ಬಟ್ಟೆ ಒಗೆಯುವುದಕ್ಕೆ ಒಂದೂವರೆ ಗಂಟೆ. ಐದೂವರೆ ಉಳಿಯಿತು. ಮಾವನ ಮನೆ ಎಂದ ಮೇಲೆ ಅರ್ಧ ಗಂಟೆಯಾದರೂ ಕೂತು ಮಾತಾಡಬೇಕು, ಟಿವಿ ಮುಂದೆ ಮಕ್ಕಳು ಎಳೆಯುತ್ತಾರೆ. ಐದು.

"ಐದು ಗಂಟೆ ನಿದ್ದೆ ಸಾಕು ಅಜ್ಜಾ, ಲಾರಿಯಲ್ಲಿ ಅಷ್ಟೂ ಇರಲಿಲ್ಲ" ಅಂದ.

"ಲಾರಿಯಲ್ಲಿ ಹಿಂದೆ ಇದ್ದದ್ದು ಬಂಗಡೆ, ತಮ್ಮಾ" ಅಂದೆ. ಅವನು ನಗಲಿಲ್ಲ. ಅವನ ಅಮ್ಮನೂ ನಗಲಿಲ್ಲ. ಆಮೇಲಿನ ಮಾತು ಬೇರೆಯೇ ಆಯಿತು.

ಬೆಳಗಿನ ಮೂರೂವರೆಗೆ ಹೊಸಕೋಟೆಯಿಂದ ಕೆ.ಆರ್. ಪುರಕ್ಕೆ ಬೈಕಿನಲ್ಲಿ ಹೋಗಬೇಕು. ಹೆದ್ದಾರಿ, ಭಾರಿ ಲಾರಿಗಳು, ಮಳೆ, ಬೀದಿನಾಯಿ. ದಿನವೂ ಹಾಗೆ. ಅದನ್ನು ಕೇಳಿ ಅಮ್ಮನ ಮುಖ ಇಳಿಯಿತು. ಇನ್ನೊಂದು ಸಂಗತಿಯೂ ಇತ್ತು. ಶಹರದಲ್ಲಿ ಜನ ನುಗ್ಗುವುದು ಬೆಳಿಗ್ಗೆ ಮತ್ತು ಸಂಜೆ. ಹಾಗಾಗಿ ಒಬ್ಬನ ಕೆಲಸವನ್ನು ಎರಡು ತುಂಡು ಮಾಡಿ ಮಧ್ಯಾಹ್ನ ಬಿಡುವು ಕೊಡಲು ಆ ಕಾಯಿದೆಯಲ್ಲೇ ಅವಕಾಶವಿತ್ತು, ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿರಲಿಲ್ಲ ಅಷ್ಟೆ. ಕೋಣೆ ಹತ್ತಿರವಿದ್ದವನಿಗೆ ಆ ಬಿಡುವು ನಿದ್ದೆ. ದೂರವಿದ್ದವನಿಗೆ ಬೆಂಚು.

ಹಾಗಾದರೆ ಉಳಿದ ಎರಡರಲ್ಲಿ ಯಾವುದು? ಅವನ ಮನಸ್ಸು ಯಶವಂತಪುರದ ಕಡೆ ವಾಲಿತು, ಅದಕ್ಕೆ ಕಾರಣ ನಿದ್ದೆಯಲ್ಲ, ಊರು. ಬೆಂಗಳೂರಿನಿಂದ ಶಿವಮೊಗ್ಗ, ಸಾಗರದ ಮೇಲೆ ಹೊನ್ನಾವರಕ್ಕೆ ಬರುವ ಬಸ್ಸುಗಳು ತುಮಕೂರು ರಸ್ತೆ ಹಿಡಿಯುತ್ತವೆ, ಯಶವಂತಪುರ ಆ ದಾರಿಯಲ್ಲೇ. ನಮ್ಮಲ್ಲಿ ಹಿಂದೆ 206 ಎಂದು ಕರೆಯುತ್ತಿದ್ದ ಹೆದ್ದಾರಿ ಹೊನ್ನಾವರದಲ್ಲಿ ಹೊರಟು ತುಮಕೂರಿನಲ್ಲಿ ಮುಗಿಯುತ್ತಿತ್ತು. "ಡಿಪೋ ಗೇಟಿನಿಂದ ಹೊರಬಿದ್ದರೆ ಗೇರುಸೊಪ್ಪೆ ಘಾಟಿಯ ರಸ್ತೆಯೇ ಅಲ್ವಾ?" ಎಂದು ಅವನು ಕೇಳಿದಾಗ ನನಗೆ ಲೆಕ್ಕ ತಿದ್ದಲು ಮನಸ್ಸಾಗಲಿಲ್ಲ. ವಾರದ ರಜೆ ಒಂದೇ ದಿನ. ರಾತ್ರಿ ಬಸ್ಸಿಗೆ ಬಂದು ಮರುರಾತ್ರಿ ಹೊರಟರೆ ಮತ್ತೆ ನಿದ್ದೆಗೇ ಖೋತಾ ಎಂದು ಮಾತ್ರ ಅಮ್ಮನ ಎದುರಿಗೇ ಹೇಳಿದೆ. ಎರಡು ತಿಂಗಳಿಗೊಮ್ಮೆ, ರಜೆ ಕೂಡಿಸಿಕೊಂಡು ಬಾ ಎಂದು ಅವಳೇ ಹೇಳಿದಳು.

ಇನ್ನೊಂದು ವಿಷಯ ಅವನಿಗೆ ಬಿಡಿಸಿ ಹೇಳಬೇಕಾಯಿತು. ಬಸ್ಸಿನ ಮೇಲೆ ಬಿಎಂಟಿಸಿ ಎಂದಿರುತ್ತದೆ, ಕಂಡಕ್ಟರ್ ಬಿಎಂಟಿಸಿಯವರು. ಆದರೆ ಈ ಎಲೆಕ್ಟ್ರಿಕ್ ಬಸ್ಸನ್ನೂ ಡ್ರೈವರನ್ನೂ ಒದಗಿಸುವುದು ಗುತ್ತಿಗೆ ಕಂಪನಿ. ಓಡಿದ ಕಿಲೋಮೀಟರಿಗೆ ಇಷ್ಟು ಎಂದು ಅದಕ್ಕೆ ಹಣ. ಒಂದೇ ಬಸ್ಸಿನ ಮುಂದೆ ಕೂತವನ ಯಜಮಾನ ಬೇರೆ, ಹಿಂದೆ ಟಿಕೆಟ್ ಕೊಡುವವರ ಯಜಮಾನ ಬೇರೆ. ಆದ್ದರಿಂದ ಪಿ.ಎಫ್., ವಾರದ ರಜೆ, ಹೆಚ್ಚಿನ ಗಂಟೆಯ ಕೂಲಿ, ಇವುಗಳನ್ನು ಡಿಪೋದ ಹೆಸರು ಹೇಳುವ ಮೊದಲೇ ಕೇಳು ಅಂದೆ. ಕೇಳಲು ಹಿಂಜರಿದ. ಕೊನೆಗೆ ಜಗುಲಿಯಿಂದಲೇ ಫೋನ್ ಮಾಡಿಸಿದೆ. ಆ ಕಡೆಯವರು ಸಮಾಧಾನದಿಂದಲೇ ಎಲ್ಲ ಹೇಳಿದರು.

ಯಶವಂತಪುರ ಮೊದಲು, ಕೆಂಗೇರಿ ಎರಡನೆಯದು ಎಂದು ಹೇಳಿದ. ಸಿಕ್ಕಿದ್ದು ಕೆಂಗೇರಿ! ಮೊದಲ ವಾರ ಹುಡುಗನಿಗೆ ಬೇಸರವೇ. ಈಗ ಡಿಪೋದಿಂದ ನಡೆದು ಹೋಗುವಷ್ಟು ಹತ್ತಿರ ಮೂವರು ಡ್ರೈವರುಗಳು ಸೇರಿ ಒಂದು ಕೋಣೆ ಹಿಡಿದಿದ್ದಾರೆ, ಒಬ್ಬ ಗದಗದ ಕಡೆಯವನು, ಇನ್ನೊಬ್ಬ ರಾಯಚೂರಿನವನು. ಮೂವರದೂ ಬೇರೆ ಬೇರೆ ಪಾಳಿ. ಕೋಣೆಯಲ್ಲಿ ಯಾವಾಗಲೂ ಒಬ್ಬ ಮಲಗಿರುತ್ತಾನಂತೆ, ಆದ್ದರಿಂದ ಹಗಲಲ್ಲೂ ದೀಪ ಹಾಕುವಂತಿಲ್ಲ, ಫೋನಿನಲ್ಲಿ ಜೋರಾಗಿ ಮಾತಾಡುವಂತಿಲ್ಲ. ಅಮ್ಮ ಫೋನ್ ಮಾಡಿದರೆ ಮೆಟ್ಟಿಲ ಮೇಲೆ ಕೂತು ಪಿಸುಗುಡುತ್ತಾನೆ. ಅಡುಗೆಯಲ್ಲಿ ಮಾತ್ರ ಜಗಳ: ಒಬ್ಬನಿಗೆ ಜೋಳದ ರೊಟ್ಟಿಯೇ ಬೇಕು, ಇವನಿಗೆ ಕುಚ್ಚಲಕ್ಕಿ ಅನ್ನ ಬೇಕು.

ಮೊನ್ನೆ ಅವನ ಅಮ್ಮ ಐದು ಕಿಲೋ ಕುಚ್ಚಲಕ್ಕಿ, ಒಣಮೀನಿನ ಪೊಟ್ಟಣ ಕಟ್ಟಿ ಹೊನ್ನಾವರದಲ್ಲಿ ರಾತ್ರಿ ಬಸ್ಸಿಗೆ ಕೊಟ್ಟು ಬಂದಳು. ಪೊಟ್ಟಣದ ಮೇಲೆ ವಿಳಾಸ ಬರೆದುಕೊಟ್ಟವನು ನಾನೇ. ರೊಟ್ಟಿಯ ಹುಡುಗನೂ ಒಣಮೀನು ತಿಂದನಂತೆ.